ಕಾಲು ಮುಂದಾಗಿ ಹುಟ್ಟಿದವಳ ಕುತ್ತಿಗೆ

ನಾನು ಕಾಲು ಮುಂದಾಗಿ ಹುಟ್ಟಿದವಳು. ಪರಶುರಾಂಪುರದ ಕಡೆಯ ನಮ್ಮ ಹಳ್ಳಿಯಲ್ಲಿ ಹಾಗೆ ಹುಟ್ಟಿದವರಿಗೆ ಒಂದು ಕೆಲಸ ಇರುತ್ತಿತ್ತು. ಸೊಂಟ ಉಳುಕಿದವರು, ಬೆನ್ನು ಹಿಡಿದುಕೊಂಡವರು, ಕುತ್ತಿಗೆ ತಿರುಗಿಸಲಾಗದವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಬಂದು ಹೊಸ್ತಿಲಿಗೆ ಬೆನ್ನು ಮಾಡಿ ಕೂರುತ್ತಿದ್ದರು. ನೋವಿರುವ ಕಡೆ ನಾನು ಮೂರು ಸಲ ಕಾಲು ತಾಗಿಸಬೇಕು. ಅವರು ಏನೂ ಕೊಡುವಂತಿಲ್ಲ. ಎದ್ದು ಹೋಗುವಾಗ 'ಬರ್ತೀನಿ' ಎನ್ನುವಂತೆಯೂ ಇಲ್ಲ, ಹಾಗೆಂದರೆ ನೋವೂ ಅವರ ಜೊತೆ ವಾಪಸು ಬರುತ್ತದಂತೆ.

ಅವ್ವ ನನ್ನನ್ನು ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಬಂದು ಹೊಸ್ತಿಲ ಒಳಗೆ ನಿಲ್ಲಿಸುತ್ತಿದ್ದಳು. ಎದುರಿಗೆ ಒಂದು ಬೆನ್ನು ಇರುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಕಂಬಳಿಯ ವಾಸನೆ, ಬೀಡಿಯ ವಾಸನೆ, ಕಡಲೆಕಾಯಿ ಕೀಳುವ ಕಾಲದಲ್ಲಿ ಹಸಿ ಮಣ್ಣಿನ ವಾಸನೆ. ಕುರಿ ಕಾಯುವವನೊಬ್ಬ ಒಮ್ಮೆ ಮುಂಗಾಲು ಉಳುಕಿದ ಟಗರನ್ನು ಹೆಗಲ ಮೇಲೆ ಹೊತ್ತು ತಂದು, "ಇದಕ್ಕೂ ಒಂದೀಟು ತಾಗ್ಸವ್ವ" ಎಂದಿದ್ದ.

"ಟಗರು ಬರಿಹೊಟ್ಟೇಲೈತೇನಪ್ಪ?" ಎಂದು ಅವ್ವ ಕೇಳಿದಳು.

"ರಾತ್ರಿಯಿಂದ ಒಂದು ಎಸಳು ಹುಲ್ಲು ಮುಟ್ಟಿಲ್ಲ ಕಣಕ್ಕ, ನನ್ನಾಣೆ."

ನಾನು ಕಾಲು ಎತ್ತುವ ಮೊದಲೇ ಟಗರು ನನ್ನನ್ನು ಒದೆಯಿತು. ಅದಕ್ಕೆ ಗುಣವಾಯಿತೆಂದು ಅವನು ಊರೆಲ್ಲ ಹೇಳಿಕೊಂಡು ಬಂದ.

ಎರಡು ಕಟ್ಟುಗಳಿದ್ದವು. ಹೆತ್ತವರಿಗೆ ಕಾಲು ತಾಗಿಸಬಾರದು. ಹೀಗಾಗಿ ಅವ್ವನಿಗೆ ಬೆನ್ನು ನೋವು ಬಂದರೆ ಅವಳು ಸುಮ್ಮನೆ ಮಲಗಿರುತ್ತಿದ್ದಳು. ಎರಡನೆಯದು, ಕಾಲು ಮುಂದಾಗಿ ಹುಟ್ಟಿದ ಇನ್ನೊಬ್ಬರಿಗೆ ತಾಗಿಸಬಾರದು. ತಾಗಿಸಿದರೆ, ತಾಗಿಸಿದವರ ಕಾಲಿನ ಗುಣ ಹೋಗಿಬಿಡುತ್ತದೆ. "ಯಾವನಾನ ನಿನಗೆ ಕಾಲು ತಾಗ್ಸಾಕೆ ಬಂದ್ರೆ ಮೊದ್ಲು ಬಾಯಿಬಿಟ್ಟು ಹೇಳ್ಬೇಕು. ಅವರ ಗುಣ ಕಳೀಬಾರ್ದು" ಎಂದು ಅವ್ವ ನನಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಅಣ್ಣ ಆ ಹೊತ್ತಿನಲ್ಲಿ ಅಪ್ಪನ ಜೊತೆ ಕುರಿಹಟ್ಟಿಯಲ್ಲಿರುತ್ತಿದ್ದ. ಹೊಸ್ತಿಲ ಈ ಮಾತು ಅವ್ವನ ಮತ್ತು ನನ್ನ ನಡುವೆಯೇ ಇತ್ತು.

ನಾನು ದೊಡ್ಡವಳಾದ ಮೇಲೆ ಗಂಡಸರು ಬರುವುದು ನಿಂತಿತು. ದಾವಣಗೆರೆಯಲ್ಲಿ ಚಿತ್ರಕಲೆ ಓದುವಾಗ ಹಾಸ್ಟೆಲಿನಲ್ಲಿ ಒಬ್ಬಳಿಗೆ ಈ ವಿಷಯ ಹೇಳಿದೆ. ಮಾರನೆಯ ದಿನ ಊಟದ ಸಾಲಿನಲ್ಲಿ ಎಲ್ಲರೂ ನನಗೆ ಬೆನ್ನು ತಿರುಗಿಸಿ ನಿಂತು ನಕ್ಕರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ರಜೆಯಲ್ಲಿ ಊರಿಗೆ ಬಂದು ಅವ್ವನಿಗೆ, ಇನ್ನು ಮೇಲೆ ನಾನು ಯಾರಿಗೂ ತಾಗಿಸುವುದಿಲ್ಲ, ಯಾರಿಗೂ ಹೇಳುವುದೂ ಇಲ್ಲ, ನೀನೂ ಹೇಳಬೇಡ ಎಂದೆ. ಅವ್ವ "ಆತು" ಎಂದಳು. ನನಗೆ ಅದರಲ್ಲಿ ನಂಬಿಕೆಯೂ ಉಳಿದಿರಲಿಲ್ಲ.

ಓದು ಮುಗಿದ ಮೇಲೆ ಮೊಳಕಾಲ್ಮುರಿನಲ್ಲಿ ಕೆಲಸ ಸಿಕ್ಕಿತು. ರೇಷ್ಮೆ ಸೀರೆಗೆ ಗ್ರಾಫ್ ಬರೆಯುವ ಕೆಲಸ. ಅಂಚಿನ ನವಿಲು, ಸೆರಗಿನ ಹಂಸ, ಒಡಲಿನ ಬುಟ್ಟಾ ಎಲ್ಲವೂ ಮಗ್ಗಕ್ಕೆ ಹೋಗುವ ಮುನ್ನ ಚೌಕುಳಿ ಕಾಗದದ ಮೇಲೆ ಬರಬೇಕು. ಒಂದು ಚೌಕ ಎಂದರೆ ಒಂದು ಎಳೆಯ ಏಳುಬೀಳು. ಬಣ್ಣ ತುಂಬಿದ ಚೌಕಕ್ಕೆ ರಟ್ಟಿನಲ್ಲಿ ತೂತು ಹೊಡೆಯುತ್ತಾರೆ, ಆ ರಟ್ಟುಗಳ ಸರವನ್ನು ಮಗ್ಗದ ಮೇಲೆ ಕೂತು ಎಳೆ ಎತ್ತುವ ಜಕಾರ್ಡ್ ಯಂತ್ರಕ್ಕೆ ಕಟ್ಟುತ್ತಾರೆ. ನವಿಲಿನ ಕೊಕ್ಕಿನಲ್ಲಿ ಒಂದು ಚೌಕ ಹೆಚ್ಚಾದರೆ ಸೀರೆಯ ಉದ್ದಕ್ಕೂ ಪ್ರತಿ ನವಿಲೂ ಗಿಣಿಯಾಗುತ್ತದೆ. ಇಂಥ ಕೆಲಸ ನನಗೆ ಒಗ್ಗುತ್ತಿತ್ತು. ಸೀರೆ ಅಂಗಡಿಯ ಮಹಡಿಯ ಕೋಣೆಯಲ್ಲಿ ಒಂದು ಮೇಜು, ಒಂದು ಕಿಟಕಿ, ನಾನು. ದಿನವಿಡೀ ಯಾರ ಜೊತೆಯೂ ಮಾತಾಡಬೇಕಿರಲಿಲ್ಲ. ಸಾಹುಕಾರರು ಸಂಜೆ ಮೇಲೆ ಬಂದು ಕನ್ನಡಕ ಏರಿಸಿ ನೋಡಿ, "ಬಾಲ ಇನ್ನೊಂಚೂರು ತುಂಬಿ ಬರ್ಲಮ್ಮ" ಎಂದು ಇಳಿದು ಹೋಗುತ್ತಿದ್ದರು.

ನೇಕಾರರ ಓಣಿಯಲ್ಲಿ ಒಂದು ಮನೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಕೆಳಗೆ ಮನೆಯವರ ಮಗ್ಗ. ಗಂಡ ನೇಯುತ್ತಿದ್ದ, ಹೆಂಡತಿ ಲಾಳಿಯೊಳಗೆ ಕೂರುವ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಅವಳು ನನ್ನನ್ನು ಹೆಸರು ಹಿಡಿದು ಕರೆಯದೆ ತೆಲುಗಿನವರ ಹಾಗೆ "ಅಮ್ಮಾಯಿ" ಎನ್ನುತ್ತಿದ್ದಳು. ಕೋಣೆಯ ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು. ಅಲ್ಲಿಯವರೆಗೆ ನನ್ನ ಬಳಿ ಯಾವ ಬೀಗದ ಕೈಯೂ ಇರಲಿಲ್ಲ.

ಆ ಕೋಣೆಯನ್ನು ನನಗೆ ಕೊಡಿಸಿದ್ದು ಅಣ್ಣನ ಒಂದು ಮಾತು, ಕಸಿದುಕೊಳ್ಳಬಹುದಾಗಿದ್ದದ್ದೂ ಅದೇ ಮಾತು. ಅಪ್ಪ ಹೋದ ಮೇಲೆ ಕುರಿ ಮಾರಿ ಅಣ್ಣ ಚಳ್ಳಕೆರೆಯ ಎಣ್ಣೆ ಮಿಲ್ಲೊಂದರಲ್ಲಿ ಗುಮಾಸ್ತನಾಗಿದ್ದ. ಅವ್ವ ಅವನ ಮನೆಯಲ್ಲಿದ್ದಳು. ನಾನು ಮೊಳಕಾಲ್ಮುರಿಗೆ ಹೊರಟಾಗ ಅವನು ಬಸ್ ಸ್ಟ್ಯಾಂಡಿನಲ್ಲಿ, "ಮೈ ಕೈ ನೆಟ್ಟಗಿರೋವರ್ಗೂ ಇರು. ಹುಷಾರಿಲ್ಲ, ನೋವು, ಅಂಥದ್ದೇನಾನ ನನ್ನ ಕಿವಿಗೆ ಬಿತ್ತು ಅಂದ್ರೆ ಅವತ್ತೇ ಬಂದು ಕರ್ಕಂಡು ಹೋಗ್ತೀನಿ. ಒಬ್ಬಳನ್ನೇ ಬಿಟ್ಟು ನಮ್ಗೆ ನಿದ್ದೆ ಬರಾಕಿಲ್ಲ" ಎಂದಿದ್ದ. ಪ್ರೀತಿಯಿಂದಲೇ ಹೇಳಿದ್ದ. ಚಳ್ಳಕೆರೆಯಲ್ಲಿ ರೇಷ್ಮೆಯ ಗ್ರಾಫ್ ಯಾರಿಗೂ ಬೇಕಿರಲಿಲ್ಲ. ಅಲ್ಲಿಗೆ ಹೋದರೆ ನಡುಮನೆಯ ಮೂಲೆಯಲ್ಲಿ ನನ್ನ ಟ್ರಂಕು, ಭಾನುವಾರಕ್ಕೊಮ್ಮೆ ನೋಡಲು ಬರುವ ಗಂಡಿನ ಕಡೆಯವರು. ಅಷ್ಟೇ.

ಎರಡನೆಯ ವರ್ಷ ಕುತ್ತಿಗೆ ಶುರುವಾಯಿತು. ಹಸಿ ಬಣ್ಣಕ್ಕೆ ಕೈ ತಾಗಬಾರದೆಂದು ಬಲತೋಳನ್ನು ಕಾಗದದಿಂದ ಎತ್ತಿ ಹಿಡಿದು ಕುಂಚ ಆಡಿಸಬೇಕಿತ್ತು. ಹಾಗೆ ಹಿಡಿದರೆ ಬಲಭುಜ ಕಿವಿಯ ಕಡೆಗೆ ಏರುತ್ತದೆ, ತಲೆ ಎಡಕ್ಕೆ ಬಾಗುತ್ತದೆ. ಮೊದಲು ಸಂಜೆ ಹೊತ್ತು ಮಾತ್ರ ಭಾರ ಅನ್ನಿಸುತ್ತಿತ್ತು, ಯಾರೋ ಹೆಗಲ ಮೇಲೆ ಕೊಡ ಇಟ್ಟು ಮರೆತು ಹೋದ ಹಾಗೆ. ಆಮೇಲೆ ಕುತ್ತಿಗೆ ಭುಜಕ್ಕೆ ಸೇರುವಲ್ಲಿ ನೆಲ್ಲಿಕಾಯಿಯಂಥ ಗಂಟು ಕೈಗೆ ಸಿಗತೊಡಗಿತು. ಅದನ್ನು ಒತ್ತಿದರೆ ನೋವು ಅಲ್ಲಿ ಬರುತ್ತಿರಲಿಲ್ಲ, ಕಣ್ಣಿನ ಹಿಂದೆ ಬರುತ್ತಿತ್ತು. ಜಡೆ ಹೆಣೆಯಲು ಕೈ ಎತ್ತಲಾಗದೆ ತುರುಬು ಕಟ್ಟಲು ಶುರುಮಾಡಿದೆ. ಕೊನೆಗೆ ಒಂದು ಬೆಳಗ್ಗೆ ತಲೆ ಬಲಕ್ಕೆ ತಿರುಗಲೇ ಇಲ್ಲ.

ಡಾಕ್ಟರು ಮಾತ್ರೆ ಬರೆದು, "ಕೆಲವು ದಿನ ಬಗ್ಗಿ ಕೂರೋದು ಬಿಡಿ. ಬಿಸಿನೀರಿನ ಬಟ್ಟೆ ಹಾಕಿ. ಮನೇಲಿ ಯಾರಾದ್ರೂ ಇದ್ದರೆ ಮೆತ್ತಗೆ ಒತ್ತಿಸಿಕೊಳ್ಳಿ" ಎಂದರು. ಮಾತ್ರೆ ತೆಗೆದುಕೊಂಡೆ. ಬಿಸಿನೀರಿನ ಬಟ್ಟೆಯನ್ನು ನಾನೇ ಹಾಕಿಕೊಂಡೆ. ಅದು ಬೆನ್ನ ಕೆಳಗೆ ಜಾರಿ ರವಿಕೆ ತೊಯ್ಯುತ್ತಿತ್ತು. ನನ್ನ ಕುತ್ತಿಗೆಯನ್ನು ನಾನೇ ಒತ್ತಿಕೊಳ್ಳಲು ಬಲಗೈ ಏಳುತ್ತಿರಲಿಲ್ಲ, ಎಡಗೈ ಗಂಟಿನವರೆಗೆ ಹೋಗಿ ಸೋಲುತ್ತಿತ್ತು. ಕೊನೆಯ ಸಲ ಯಾರ ಕೈ ನನ್ನ ಹೆಗಲ ಮೇಲೆ ಬಿದ್ದಿತ್ತು ಎಂದು ಯೋಚಿಸಿದೆ. ಬಳೆ ಅಂಗಡಿಯವನು ಮುಂಗೈ ಹಿಡಿದದ್ದು ನೆನಪಾಯಿತು. ಹೆಗಲಿನದು ನೆನಪಾಗಲಿಲ್ಲ.

ಭಾನುವಾರಗಳಂದು ಚಳ್ಳಕೆರೆಗೆ ಹೋಗುವುದು ತಪ್ಪಿಸುವಂತಿರಲಿಲ್ಲ. ತಪ್ಪಿಸಿದರೆ ಅಣ್ಣ ಬಂದುಬಿಡುತ್ತಾನೆ. ಎಲ್ಲರೂ ನನ್ನ ಎಡಕ್ಕೇ ಇರುವಂತೆ ಬಲಗಡೆಯ ಗೋಡೆಗೆ ಒರಗಿ ಕೂರುತ್ತಿದ್ದೆ. ಅತ್ತಿಗೆ ಅಡಿಗೆಮನೆಯಿಂದ ಕರೆದರೆ ಇಡೀ ಮೈ ತಿರುಗಿಸಿ ಏಳುತ್ತಿದ್ದೆ.

"ಏನೇ ಇವಳು, ಬಸ್ಸು ತಿರುಗಿದಂಗೆ ತಿರುಗ್ತಾಳೆ. ಹಿಂದ್ಗಡೆ ಕಂಡಕ್ಟ್ರು ಸೀಟಿ ಊದ್ಬೇಕೇನೋ" ಎಂದು ಅತ್ತಿಗೆ ನಕ್ಕಳು.

ಸೆರಗು ಜಾರುತ್ತದೆ, ಪಿನ್ನು ಹಾಕಿಲ್ಲ ಎಂದೆ. ಕಡಲೆಕಾಯಿ ಸುಲಿಯುತ್ತಿದ್ದ ಅವ್ವ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಸುಲಿಯತೊಡಗಿದಳು.

ನಾನು ಸಿಕ್ಕಿಬಿದ್ದದ್ದು ಒಂದು ದಿಂಬಿನಿಂದ. ಕುತ್ತಿಗೆ ಹಿಡಿದುಕೊಂಡರೆ ತಲೆದಿಂಬನ್ನು ಬಿಸಿಲಿಗೆ ಹಾಕಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು. ಗೊತ್ತಿದ್ದೂ ನಾನು ಒಂದು ಬೆಳಗ್ಗೆ ಕೆಲಸಕ್ಕೆ ಹೊರಡುವ ಮೊದಲು ದಿಂಬನ್ನು ಮಹಡಿಯ ಮೋಟುಗೋಡೆಯ ಮೇಲೆ ಇಟ್ಟು ಹೋದೆ. ಹಾಸಿಗೆ, ಕಂಬಳಿ ಎಲ್ಲ ಹಾಕಿದ್ದರೆ ತಿಗಣೆ ಎಂದುಕೊಳ್ಳುತ್ತಿದ್ದರು. ದಿಂಬು ಒಂದೇ ಇತ್ತು. ಸಂಜೆ ನಾನು ಓಣಿಗೆ ಕಾಲಿಡುವಷ್ಟರಲ್ಲಿ ಜಗುಲಿಗಳ ಮೇಲೆ ಕೂತಿದ್ದ ಹೆಂಗಸರಿಗೆಲ್ಲ ನನ್ನ ಕುತ್ತಿಗೆಯ ವಿಷಯ ತಿಳಿದಿತ್ತು.

"ಯಾವ ಕಡೀಗಮ್ಮ, ಎಡಕ್ಕೋ ಬಲಕ್ಕೋ?" ಎಂದು ಒಬ್ಬಾಕೆ ಕೇಳಿದಳು.

"ತಲೆ ಬಗ್ಗಿಸ್ಕಂಡು ಹೋಗಾ ಹುಡುಗಿ. ಎತ್ತಾಕಾಗ್ದೆ ಬಗ್ಸಿದ್ಲೋ ಏನೋ, ನಾವು ಮರ್ವಾದೆ ಅನ್ಕಂಡಿದ್ವಿ" ಎಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಆ ಓಣಿಯಲ್ಲಿ ಅಷ್ಟು ಮಂದಿ ನನ್ನ ಜೊತೆ ಮಾತಾಡಿದ್ದು ಅದೇ ಮೊದಲು.

ಮನೆಯೊಡತಿ ದಿಂಬನ್ನು ತಟ್ಟಿ ನನ್ನ ಕೈಗೆ ಕೊಡುತ್ತ, "ದಿಂಬಿಗೆಲ್ಲ ಬಗ್ಗಲ್ಲ ಇದು. ಕಾಲು ಮುಂದಾಗಿ ಹುಟ್ಟಿದೋರು ತಾಗಿಸ್ಬೇಕು. ನಾನು ಹುಡುಕ್ಸ್ತೀನಿ ಇರು" ಎಂದಳು.

"ಬೇಡ ಅಕ್ಕ, ಕಡಿಮೆ ಆಗ್ತಾ ಐತೆ."

"ನೀನು ಸುಮ್ಕಿರಮ್ಮಾಯಿ. ನನ್ನ ಸೊಂಟಕ್ಕೂ ಬೇಕಾಗೈತೆ."

ಓಣಿ ನನಗಾಗಿ ಹುಡುಕಲು ಹೊರಟಿತು. ಒಬ್ಬ ಮುದುಕ ಇದ್ದನಂತೆ, ತೀರಿಕೊಂಡಿದ್ದ. ಹಾಲು ಹಾಕುವವಳ ಮೈದುನ ಹಾಗೆ ಹುಟ್ಟಿದವನೆಂದರು. ವಿಚಾರಿಸಿದರೆ ಅವನು ಬರೀ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡು ಹುಟ್ಟಿದವನು. ಪ್ರತಿ ಸಂಜೆ ನಾನು ಮೆಟ್ಟಿಲು ಹತ್ತುವಾಗ ಮನೆಯೊಡತಿ ಕಂಡಿಕೆ ಸುತ್ತುತ್ತಲೇ ಹುಡುಕಾಟ ಎಲ್ಲಿಗೆ ಬಂತೆಂದು ಹೇಳುತ್ತಿದ್ದಳು. ನಾನು "ಹೂಂ" ಎಂದು ನನ್ನ ಕಾಲಿನಲ್ಲೇ ಮೆಟ್ಟಿಲು ಹತ್ತಿ ಹೋಗುತ್ತಿದ್ದೆ. ಹೇಳಿಬಿಟ್ಟರೆ ಹುಡುಕಾಟ ನಿಲ್ಲುತ್ತದೆ. ಆದರೆ ಮಾರನೆಯ ಬೆಳಗ್ಗೆಯಿಂದ ನನ್ನ ಬಾಗಿಲಲ್ಲಿ ಬೆನ್ನುಗಳು ಬಂದು ಕೂರುತ್ತವೆ. ಸುದ್ದಿ ಚಳ್ಳಕೆರೆ ಬಸ್ಸು ಹತ್ತುತ್ತದೆ.

ಕೊನೆಗೆ ಒಬ್ಬ ಅಜ್ಜಿ ಸಿಕ್ಕಳು. ರಾಯದುರ್ಗದ ಆಚೆಯ ಹಳ್ಳಿಯವಳು, ಮನೆಯೊಡತಿಗೆ ದೂರದ ನೆಂಟಳು. ಬೆಳಗಿನ ಮೊದಲ ಬಸ್ಸಿಗೆ ಬಂದಿದ್ದಳು. ತಾನೂ ಬರಿಹೊಟ್ಟೆಯಲ್ಲಿರಬೇಕೆಂದು ದಾರಿಯಲ್ಲಿ ಒಂದು ಗುಟುಕು ಟೀಯನ್ನೂ ಕುಡಿದಿರಲಿಲ್ಲ. ನಾನು ಇನ್ನೂ ಮುಖ ತೊಳೆಯುತ್ತಿದ್ದಾಗ ಮನೆಯೊಡತಿ ಬಂದು ಕೈ ಹಿಡಿದು ಕೆಳಗೆ ಕರೆತಂದು ಹೊಸ್ತಿಲಿಗೆ ಬೆನ್ನು ಮಾಡಿ ಕೂರಿಸಿದಳು. ನಾಲ್ಕಾರು ಹೆಂಗಸರು ಜಗುಲಿಯಲ್ಲಿ ನಿಂತಿದ್ದರು. ನನ್ನ ಬೆನ್ನ ಹಿಂದೆ ಅಜ್ಜಿ ಗೋಡೆ ಹಿಡಿದು ಕಾಲು ಎತ್ತುವುದು ಕೇಳಿಸಿತು. ಅವಳ ಕಾಲುಂಗುರ ನೆಲಕ್ಕೆ ತಾಗಿ ಸಣ್ಣ ಸದ್ದಾಯಿತು.

ನಾನು ಎದ್ದು ನಿಂತೆ.

"ಏಂ ತಲ್ಲೀ, ನಾಚಿಕೇನಾ? ಎಲ್ಲಾ ಹೆಂಗಸ್ರೇ ಇರೋದು" ಎಂದಳು ಅಜ್ಜಿ.

"ಬೇಡ ಅಜ್ಜಿ. ನಾನೂ ಕಾಲು ಮುಂದಾಗೇ ಹುಟ್ಟಿದ್ದು."

ನಾನು ನಂಬದಿದ್ದರೂ ಅವಳು ನಂಬಿದ್ದಳು. ಆ ನಂಬಿಕೆಯ ಮೇಲೆ ಹಸಿದ ಹೊಟ್ಟೆಯಲ್ಲಿ ಅಷ್ಟು ದೂರ ಬಂದಿದ್ದಳು. ನನ್ನ ಹೆಗಲಿಗೆ ಅವಳ ಕಾಲು ತಾಗಿದ ಮೇಲೆ ಯಾವತ್ತಾದರೂ ಅವಳಿಗೆ ವಿಷಯ ತಿಳಿದರೆ, ಇನ್ನು ಯಾರ ಬೆನ್ನ ಹಿಂದೆಯೂ ಅವಳು ಧೈರ್ಯದಿಂದ ನಿಲ್ಲುತ್ತಿರಲಿಲ್ಲ. ಇದೆಲ್ಲ ಆಮೇಲೆ ಯೋಚಿಸಿದ್ದು. ಆ ಹೊತ್ತಿನಲ್ಲಿ ಅವ್ವ ಹೇಳಿಕೊಟ್ಟ ಮಾತು ತಾನಾಗಿ ಬಾಯಿಗೆ ಬಂತು.

ಅಜ್ಜಿ ಕಾಲನ್ನು ನೆಲಕ್ಕಿಟ್ಟು, ಅದರ ಮೇಲೆ ಸೀರೆಯ ಅಂಚನ್ನು ಎಳೆದುಕೊಂಡು ಕೂತುಬಿಟ್ಟಳು. ಮೊದಲು ಬಾಯಿ ಬಂದದ್ದು ಮನೆಯೊಡತಿಗೆ.

"ಅಯ್ಯೋ ನಿನ್ನ! ಎರಡು ವರ್ಷದಿಂದ ಸೊಂಟ ಹಿಡ್ಕಂಡು ಇಲ್ಲಿ ನಾನು ಸಾಯ್ತಾ ಇದೀನಿ, ಆ ಕಾಲಿಟ್ಕಂಡು ನನ್ನ ತಲೆ ಮೇಲೇ ಓಡಾಡ್ತಿದ್ಯಲ್ಲೇ ಅಮ್ಮಾಯಿ!"

ಓಣಿಯೆಲ್ಲ ನಕ್ಕಿತು. ಅಜ್ಜಿಯೂ ನಕ್ಕಳು. ಟೀ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡು, "ನಿಮ್ಮಮ್ಮ ಇದಾಳಾ?" ಎಂದು ಕೇಳಿದಳು. ಇದ್ದಾಳೆ, ಚಳ್ಳಕೆರೆಯಲ್ಲಿ ಎಂದೆ. "ನಮ್ಮಮ್ಮ ನನ್ನ ಹೆತ್ತು ಉಳೀಲಿಲ್ಲ. ಉಲ್ಟಾ ಬಂದಿದ್ನಲ್ಲ" ಎಂದಳು. ಇಷ್ಟೇ ಹೇಳಿ ಲೋಟವನ್ನು ಕೆಳಗಿಟ್ಟು, ಹತ್ತು ಗಂಟೆಯ ಬಸ್ಸಿಗೆ ಹೊರಟುಹೋದಳು. ನನ್ನ ಕುತ್ತಿಗೆ ಇದ್ದ ಹಾಗೇ ಇತ್ತು.

ಮಾರನೆಯ ಬೆಳಗ್ಗೆ ಬಾಗಿಲು ತೆರೆದಾಗ ನನ್ನ ಕೋಣೆಯ ಹೊಸ್ತಿಲಿಗೆ ಬೆನ್ನು ಮಾಡಿ ಮನೆಯೊಡತಿ ಕೂತಿದ್ದಳು. ಬೇಡವೆನ್ನಲು ಕಾರಣ ಉಳಿದಿರಲಿಲ್ಲ. ಅವಳ ಸೊಂಟಕ್ಕೆ ಮೂರು ಸಲ ಕಾಲು ತಾಗಿಸಿದೆ. ಎಷ್ಟೋ ವರ್ಷದ ಮೇಲೆ ಒಂದು ಮೈಯ ಬಿಸಿ ಅಂಗಾಲಿಗೆ ತಗುಲಿತು. ಅವಳು ಎದ್ದು ಕೆಳಗೆ ಹೊರಟಳು. ಅರ್ಧ ಮೆಟ್ಟಿಲಲ್ಲಿ 'ಬರ್ತೀನಿ' ಎನ್ನಲು ನಿಂತವಳು ಕಟ್ಟು ನೆನಪಾಗಿ ಬಾಯಿ ಮುಚ್ಚಿಕೊಂಡಳು. ಆಮೇಲೆ ದಿನಾ ಯಾರಾದರೊಬ್ಬರು ಬರತೊಡಗಿದರು. ಮಗ್ಗದ ಮುಂದೆ ಬಾಗಿ ಬಾಗಿ ಬೆನ್ನು ಹೋದವರು, ರಾಟೆ ತಿರುಗಿಸಿ ಭುಜ ಹೋದವರು. ಹಿಂದಿನಿಂದ ನೋಡಿದರೆ ಎಲ್ಲರ ಬಲಭುಜವೂ ನನ್ನದರಂತೆಯೇ ಒಂದಿಷ್ಟು ಮೇಲಿರುತ್ತಿತ್ತು. ಬಂದು ಕೂರುತ್ತಿದ್ದರು, ಕಾಲು ತಾಗಿಸಿಕೊಂಡು ಹಿಂತಿರುಗಿ ನೋಡದೆ ಹೋಗುತ್ತಿದ್ದರು. ಬೆಳಗ್ಗೆ ನನ್ನ ಬಾಗಿಲಿಗೆ ಜನ ಬರುತ್ತಿದ್ದರು ಎಂದು ಹೇಳಬಹುದು. ಆದರೆ ಅವರು ಹೋದ ಮೇಲೆ ಕೋಣೆ ಮೊದಲಿಗಿಂತ ಸುಮ್ಮನಾಗುತ್ತಿತ್ತು.

ಅಂಗಡಿಯಲ್ಲಿ ನಾನು ಮೇಜಿನ ಮೇಲಿನ ಹಲಗೆಯ ಒಂದು ಬದಿಗೆ ಇಟ್ಟಿಗೆ ಇಟ್ಟು ಎತ್ತರ ಮಾಡಿದೆ, ಬಗ್ಗುವುದು ಕಡಿಮೆಯಾಗಲೆಂದು. ಇಳಿಜಾರಿನಲ್ಲಿ ಬಣ್ಣ ಚೌಕದ ತಳಕ್ಕೆ ಜಾರಿ ಕೂರುತ್ತಿತ್ತು. ಗೋಂದು ಹೆಚ್ಚು ಹಾಕಿ ಗಟ್ಟಿ ಕಲಸಿದರೆ ಕುಂಚ ಒಣಗುತ್ತಿತ್ತು. ಎರಡು ಹಂಸಗಳು ಕೆಟ್ಟವು. ಸಾಹುಕಾರರು ಆ ದಿನ ಎರಡು ಸಲ ಮೇಲೆ ಬಂದು ನೋಡಿದರು.

ಸುದ್ದಿ ಚಳ್ಳಕೆರೆಗೆ ನನಗಿಂತ ಮೊದಲೇ ತಲುಪಿತ್ತು. ಆ ಭಾನುವಾರ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಅಣ್ಣ ಕೇಳಿದ:

"ಬಾರಮ್ಮ ಡಾಕ್ಟ್ರಮ್ಮ. ಮೊಳಕಾಲ್ಮುರಲ್ಲಿ ದವಾಖಾನೆ ತೆಗ್ದಿದೀಯಂತೆ?"

ಅವನು ಮುಂದುವರಿಸಿದ: "ನಮ್ಮ ಮಿಲ್ಲಿಗೆ ಬರೋ ಲಾರಿಯೋನು ಹೇಳ್ದ. ಗ್ರಾಫ್ ಬರಿಯೋ ಹುಡುಗಿ ಕಾಲು ತಾಗಿಸ್ತಾಳಂತೆ, ಸೊಂಟ ಗಿಂಟ ಎಲ್ಲಾ ನೆಟ್ಟಗಾಗ್ತಾವಂತೆ. ನಿನ್ನ ಓದ್ಸಿದ್ದು ಒದಿಯಾಕೇನೇ?"

"ಫೀಜು ಎಷ್ಟು ಮಡಗಿದೀಯ?" ಎಂದಳು ಅತ್ತಿಗೆ.

ಅವನಿಗೆ ಕಾಲಿನ ಸುದ್ದಿ ಬಂದಿತ್ತು, ಕುತ್ತಿಗೆಯ ಸುದ್ದಿ ಬಂದಿರಲಿಲ್ಲ. ನಾನು ಗೋಡೆಗೆ ಬಲಭುಜ ಒರಗಿಸಿ ಕೂತೆ. ಅವ್ವ ನನ್ನ ಮುಂದೆ ನೀರಿನ ಚೊಂಬು ಇಟ್ಟಳು, ಇಟ್ಟವಳು ಅಲ್ಲೇ ನಿಂತಳು.

"ನೀನಾಗೇ ಹೇಳ್ದ್ಯಾ ಅವರಿಗೆ?"

"ಹೂಂ."

"ಬಾಯಿಬಿಟ್ಟು?"

"ಹೂಂ ಅವ್ವ."

ಅವ್ವ ನನ್ನ ಮುಖ ನೋಡಿದಳು, ಆಮೇಲೆ ಬಲಭುಜವನ್ನು ನೋಡಿದಳು. ಯಾರಿಗೂ ಹೇಳುವುದಿಲ್ಲವೆಂದು ಹಟ ಹಿಡಿದಿದ್ದವಳು ಯಾವ ಒಂದು ಕಾರಣಕ್ಕೆ ಬಾಯಿಬಿಡಬೇಕಾಗುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೆ. ನನಗೆ ಕಾಲು ತಾಗಿಸಲು ಯಾರೋ ಬಂದಿರಬೇಕು. ಬಂದಿದ್ದರೆ, ನನಗೆ ನೋವಿರಬೇಕು. ಅದು ಅವಳಿಗೆ ತಿಳಿದದ್ದನ್ನು ನಾನು ಕಣ್ಣಾರೆ ಕಂಡೆ. ಇನ್ನು ಅವಳು ಒಂದು ಮಾತು ಆಡಿದರೆ ಸಾಕಿತ್ತು. ಅಣ್ಣ ಅಲ್ಲೇ ಇದ್ದ. ಸಂಜೆಯೊಳಗೆ ನನ್ನ ಟ್ರಂಕು ಚಳ್ಳಕೆರೆಗೆ ಬರುತ್ತಿತ್ತು.

"ನಗಬ್ಯಾಡ ಬಿಡಪ್ಪ" ಎಂದು ಅವ್ವ ಅಣ್ಣನ ಕಡೆ ತಿರುಗಿ ಹೇಳಿದಳು. "ನಾಕು ಜನಕ್ಕೆ ಒಳ್ಳೇದಾತೈತೆ. ಇರ್ಲಿ ಅಲ್ಲೇ."

ಅಣ್ಣ "ಇರ್ಲವ್ವ, ನಾನೇನು ಬ್ಯಾಡ ಅಂದ್ನಾ" ಎಂದು ಪೇಪರು ಎತ್ತಿಕೊಂಡ.

ಸಂಜೆ ಅವ್ವ ನನ್ನ ಜೊತೆ ಬಸ್ ಸ್ಟ್ಯಾಂಡಿಗೆ ಬಂದಳು. ಯಾವಾಗಲೂ ಬರುತ್ತಿರಲಿಲ್ಲ, ಮಂಡಿನೋವು ಎನ್ನುತ್ತಿದ್ದಳು. ಮಿಲ್ಲುಗಳ ಗೋಡೆಯ ಪಕ್ಕ, ಹಿಂಡಿಯ ವಾಸನೆಯಲ್ಲಿ ನಡೆದೆವು. ಅವಳು ನನ್ನ ಎಡಗಡೆಗೆ ಬಂದು ನಡೆಯತೊಡಗಿದ್ದನ್ನು ಗಮನಿಸಿದೆ.

"ಬಗ್ಗಿ ಕುಂತು ಬರಿಯೋದಾ?" ಎಂದು ಕೇಳಿದಳು.

"ಹಲಗೆ ಎತ್ರ ಮಾಡ್ಕಂಡಿದೀನಿ ಅವ್ವ. ಕಮ್ಮಿ ಆತೈತೆ."

"ಹೂಂ."

ಬಸ್ಸಿನ ಮುಂದೆ ನನ್ನ ಬ್ಯಾಗನ್ನು ಕೈಗೆ ಕೊಡುವಾಗ ಸೆರಗು ಸರಿಮಾಡುವವಳಂತೆ ಅವಳ ಹೆಬ್ಬೆರಳು ಕುತ್ತಿಗೆಯ ಬುಡಕ್ಕೆ ಹೋಗಿ, ಹುಡುಕದೆಯೇ ಆ ಗಂಟಿನ ಮೇಲೆ ನಿಂತಿತು. ಕಂಡಕ್ಟರು ಕೂಗುವವರೆಗೆ ಒತ್ತಿ ಹಿಡಿದಿದ್ದಳು. ಸುತ್ತ ಜನ ಹತ್ತುತ್ತಿದ್ದರು.

ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅವ್ವ ಬಲಗಡೆ, ನನ್ನ ಹಿಂದಿನ ಕಂಬದ ಹತ್ತಿರ ನಿಂತಿದ್ದಳು. ಪಕ್ಕದಲ್ಲಿ ಈರುಳ್ಳಿ ಚೀಲ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರಿಂದ ಇಡೀ ಮೈ ತಿರುಗಿಸಲೂ ಜಾಗವಿರಲಿಲ್ಲ. ಕೈಯನ್ನಷ್ಟೇ ಕಿಟಕಿಯ ಹೊರಗೆ ಚಾಚಿದೆ. ಬಸ್ಸು ಹಿಂದಕ್ಕೆ ಹೋಗಿ, ತಿರುಗಿಕೊಂಡು, ಗೇಟಿನ ಕಡೆ ಬಂತು. ಅಷ್ಟರಲ್ಲಿ ಅವ್ವ ಆ ಮಂಡಿಯಲ್ಲೇ ಜನರ ನಡುವೆ ಬೇಗ ಬೇಗ ನಡೆದು ಬಂದು, ಗೇಟಿನ ಆಚೆ ಹಣ್ಣಿನ ಗಾಡಿಯ ಪಕ್ಕದಲ್ಲಿ, ನನ್ನ ಕಣ್ಣಿಗೆ ನೇರವಾಗಿ ನಿಂತಿದ್ದಳು. ನಾನು ಕುತ್ತಿಗೆ ತಿರುಗಿಸಬೇಕಿರಲಿಲ್ಲ. ಅವಳು ಕೈ ಎತ್ತಲಿಲ್ಲ, ನೋಡುತ್ತ ನಿಂತಿದ್ದಳು.

ಬಸ್ಸು ಅವಳನ್ನು ದಾಟಿತು. ದಾಟಿದ ಮೇಲೆ ಅವಳು ಎಷ್ಟು ಹೊತ್ತು ಅಲ್ಲಿದ್ದಳೋ ನನಗೆ ನೋಡಲಾಗಲಿಲ್ಲ.